ಅಂಗೈಗೆ ಇಳಿದ ಕುಲುಮೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸಾಲಿನಲ್ಲಿ ಬ್ಯೂಟೇನ್ ಡಬ್ಬಿಯ ತಲೆಗೆ ಸಿಕ್ಕಿಸುವ ಸಣ್ಣ ಗ್ಯಾಸ್ ಟಾರ್ಚ್ ಈಗ ಎಲ್ಲರ ಕೈಗೆಟಕುವ ಸಾಮಾನು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 1,300 ಡಿಗ್ರಿ ಎಂದು ಅಚ್ಚಾಗಿರುತ್ತದೆ. ಕಬ್ಬಿಣ ಚೆನ್ನಾಗಿ ಮೆತ್ತಗಾಗಲು 900 ಡಿಗ್ರಿ ಸಾಕು. ಹಾಗಾದರೆ ಗೇಟಿನ ಸರಳನ್ನೂ ಇದರಿಂದಲೇ ಬಗ್ಗಿಸಬಹುದಲ್ಲ ಎಂದು ಕೊಳ್ಳುವವರು ಲೆಕ್ಕ ಹಾಕುತ್ತಾರೆ. ಮನೆಗೆ ತಂದು ಬೆರಳು ದಪ್ಪದ ಸರಳಿಗೆ ಹಿಡಿದರೆ ಹತ್ತು ನಿಮಿಷವಾದರೂ ಸರಳು ಮಂಕು ಕೆಂಪನ್ನು ದಾಟುವುದಿಲ್ಲ. ಅದೇ ಸರಳನ್ನು ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಆಕ್ಸಿಜನ್ ಜೋಡಿಸಿದ ಹೀಟಿಂಗ್ ಟಾರ್ಚಿನಿಂದ ನೋಡನೋಡುತ್ತಲೇ ಕಿತ್ತಳೆ ಬಣ್ಣಕ್ಕೆ ತಂದು ಬೇಕಾದ ಕೋನಕ್ಕೆ ಬಗ್ಗಿಸಿಬಿಡುತ್ತಾರೆ.

ತಪ್ಪು ಟಾರ್ಚಿನದ್ದಲ್ಲ, ಆಯ್ಕೆಯದ್ದು. ಎಷ್ಟು ಬಿಸಿ ಎನ್ನುವುದು ಒಂದು ಪ್ರಶ್ನೆ, ಎಷ್ಟು ಶಾಖ ಎನ್ನುವುದು ಬೇರೆಯೇ ಪ್ರಶ್ನೆ. ಹಳ್ಳಿಯ ಕಮ್ಮಾರನಿಗೆ ಈ ವ್ಯತ್ಯಾಸ ಪುಸ್ತಕ ಓದದೆಯೇ ಗೊತ್ತಿತ್ತು. ಬೆಂಕಿ ಒಲೆಯನ್ನು ಬಿಟ್ಟು ಕೈಗೆ ಬಂದಂತೆಲ್ಲ ಆ ತಿಳಿವಳಿಕೆ ಸಡಿಲವಾಯಿತು. ಬೆಂಕಿಯ ಆ ಪಯಣದ ಗುರುತುಗಳು ಬೆಂಗಳೂರಿನ ಸುತ್ತ ಮಾಗಡಿ ರಸ್ತೆ, ತುಮಕೂರು ರಸ್ತೆ, ಹಳೇ ಮದರಾಸು ರಸ್ತೆ, ಹೊಸೂರು ರಸ್ತೆಗಳ ಉದ್ದಕ್ಕೂ ಇಂದಿಗೂ ಸಿಗುತ್ತವೆ.

ತಿದಿಯ ಕಾಲ

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಬೇಸಾಯ, ಕಸುಬು, ವ್ಯಾಪಾರಗಳ ವರದಿ ಬರೆಯಲು ಹೊರಟ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಾಗಡಿ ಸೀಮೆಯ ಗಟ್ಟಿಪುರದ ಕಬ್ಬಿಣದ ಕುಲುಮೆಗಳ ವಿವರವಿದೆ. ಮಳೆಗಾಲದ ನೀರು ಹೊತ್ತು ತಂದ ಕಪ್ಪು ಮರಳಿನಿಂದ, ಇದ್ದಿಲು ಮತ್ತು ಚರ್ಮದ ತಿದಿಯ ಬಲದಿಂದ ಅಲ್ಲಿ ಕಬ್ಬಿಣ ತೆಗೆಯುತ್ತಿದ್ದರು. ಚನ್ನಪಟ್ಟಣದಲ್ಲಿ ಅವನು ಕಂಡದ್ದು ಇನ್ನೂ ನಾಜೂಕಾದ ಕೆಲಸ. ತಂತಿವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಅಲ್ಲಿ ತಯಾರಾಗುತ್ತಿತ್ತು, ದೇಶದ ದೂರದ ಊರುಗಳಲ್ಲೂ ಅದಕ್ಕೆ ಹೆಸರಿತ್ತು. ಉಕ್ಕನ್ನು ತಣ್ಣಗೆ ಎಳೆದಷ್ಟೂ ಅದು ಗಡಸಾಗುತ್ತದೆ, ಎಳೆಯುತ್ತಲೇ ಹೋದರೆ ತುಂಡಾಗುತ್ತದೆ. ನಡುನಡುವೆ ಕಾಯಿಸಿ ಹದ ಮಾಡಿಕೊಳ್ಳದೆ ಅಷ್ಟು ತೆಳುವಾದ ತಂತಿ ಹೊರಬರುವುದು ಸಾಧ್ಯವಿಲ್ಲ.

ಅದಕ್ಕೂ ಸ್ವಲ್ಪ ಮುಂಚೆ ಇದೇ ನಾಡಿನ ಕೆಲಸಗಾರರು ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಮಾಡಿದ್ದರು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಆ ಕಸುಬಿನ ಗುರುತಾಗಿ ಇಂದಿಗೂ ಉಳಿದಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಾಗ ಆ ಕೊಳವೆಗಳನ್ನು ಕಣ್ಣಾರೆ ನೋಡುವ ಅವಕಾಶ ನಮ್ಮ ಕಾಲದವರಿಗೂ ಒದಗಿತು.

ಊರ ಕಮ್ಮಾರ ಆಯಗಾರರಲ್ಲಿ ಒಬ್ಬ. ನೇಗಿಲ ಗುಳ ತಟ್ಟುವುದು, ಕುಡುಗೋಲಿಗೆ ಹದ ಕೊಡುವುದು, ಬಂಡಿ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದು ಅವನ ವರ್ಷದ ಕೆಲಸ. ಹಳಿ ತೊಡಿಸುವ ದಿನ ಬೆರಣಿಯ ಬೆಂಕಿಯನ್ನು ಹಳಿಯ ಸುತ್ತಳತೆಗೆ ಸರಿಯಾಗಿ ವೃತ್ತವಾಗಿ ಹಾಕುತ್ತಿದ್ದರು. ನಾಲ್ಕಡಿ ಅಡ್ಡಳತೆಯ ಹಳಿ 400 ಡಿಗ್ರಿಯಷ್ಟು ಬಿಸಿಯಾದರೆ ಅದರ ಅಡ್ಡಳತೆ ಸುಮಾರು ಆರು ಮಿಲಿಮೀಟರ್ ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಮರದ ಚಕ್ರಕ್ಕೆ ಕೂರಿಸಿ ನೀರು ಸುರಿದರೆ ಹಳಿ ಕುಗ್ಗಿ, ಚಕ್ರದ ಕೀಲುಗಳನ್ನೆಲ್ಲ ಬಿಗಿಯುತ್ತದೆ. ಇಲ್ಲಿ ಬೇಕಾದದ್ದು ಉಗ್ರವಾದ ಜ್ವಾಲೆಯಲ್ಲ. ಇಡೀ ಹಳಿ ಒಂದೇ ಸಮ ಕಾಯಬೇಕು, ಅಷ್ಟೆ. ಬೆರಣಿಯ ಬೆಂಕಿ ಕುಲುಮೆಯಷ್ಟು ಬಿಸಿಯಲ್ಲ, ಆದರೆ ಆ ಕೆಲಸಕ್ಕೆ ಅದೇ ಸರಿ.

ಗುಳ ತಟ್ಟುವಾಗ ಲೆಕ್ಕ ಬೇರೆ. ಇದ್ದಿಲಿನ ಗೂಡಿನಲ್ಲಿ ಲೋಹವನ್ನು ಹೂತು ತಿದಿ ಒತ್ತಿದರೆ ಸುತ್ತಲಿನ ಕೆಂಡವೇ ಲೋಹಕ್ಕೆ ಗೋಡೆಯಾಗುತ್ತದೆ, ಲೋಹ ಹೊರಚೆಲ್ಲುವ ಶಾಖ ಅಲ್ಲೇ ಉಳಿಯುತ್ತದೆ. ಕುಲುಮೆಯನ್ನು ನೆರಳಿನಲ್ಲಿ ಕಟ್ಟುತ್ತಿದ್ದುದಕ್ಕೂ ಕಾರಣವಿದೆ. ಕಬ್ಬಿಣದ ಬಣ್ಣವೇ ಕಮ್ಮಾರನ ಉಷ್ಣಮಾಪಕ. ಬಿಸಿಲಿನಲ್ಲಿ ಕಪ್ಪಾಗಿ ಕಾಣುವ ಸರಳು ನೆರಳಿನಲ್ಲಿ ಮಂಕು ಕೆಂಪಾಗಿ ಕಾಣಬಹುದು. 700 ಡಿಗ್ರಿಯ ಆಸುಪಾಸಿನಲ್ಲಿ ಗಾಢ ಕೆಂಪು, 900ರ ಹೊತ್ತಿಗೆ ಹೊಳೆಯುವ ಕೆಂಪು, 1,000 ದಾಟಿದರೆ ಕಿತ್ತಳೆ, ಅದರ ಮೇಲೆ ಹಳದಿ. ಈ ಕ್ರಮ ಟಾರ್ಚ್ ಹಿಡಿದವರಿಗೂ ಬದಲಾಗಿಲ್ಲ.

ಕೈಗೆ ಬಂದ ಜ್ವಾಲೆ

ಬೆಂಕಿಯನ್ನು ಕೈಯಲ್ಲಿ ಹಿಡಿದು ಗುರಿಯಿಟ್ಟವರಲ್ಲಿ ಅಕ್ಕಸಾಲಿಗರು ಮೊದಲಿಗರು. ಬೆಂಗಳೂರಿನ ನಗರ್ತಪೇಟೆಯಂಥ ಹಳೆಯ ಬೀದಿಗಳಲ್ಲಿ ಅವರ ಊದುಗೊಳವೆ ತಲೆಮಾರುಗಳ ಕಾಲ ನಡೆದಿದೆ. ದೀಪದ ಕುಡಿಯ ಮುಂದೆ ಬಾಗಿದ ಹಿತ್ತಾಳೆಯ ಕೊಳವೆ ಹಿಡಿದು, ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತಲೇ ಬಾಯಿಂದ ಊದುತ್ತಾರೆ. ಜ್ವಾಲೆ ಸೂಜಿಯಾಗಿ ಬೆಸುಗೆಯ ಚೂರನ್ನು ಮುಟ್ಟುತ್ತದೆ, ಬಿಳಿಗಾರ ಕರಗಿ ಗಾಜಿನಂತೆ ಹರಡುತ್ತದೆ, ಬೆಸುಗೆ ಸಂದಿಗೆ ಹರಿಯುತ್ತದೆ. ಇವತ್ತಿನ ಟಾರ್ಚಿನ ಮೂರು ಅಂಗಗಳು, ಅಂದರೆ ಇಂಧನ, ಒತ್ತಡದ ಗಾಳಿ ಮತ್ತು ಮೂತಿ, ಆ ಊದುಗೊಳವೆಯಲ್ಲೇ ಇವೆ. ಗ್ರಾಂ ಲೆಕ್ಕದ ಚಿನ್ನಕ್ಕೆ ಅದು ಸಾಕು, ಗುಳಕ್ಕೆ ಸಾಲದು. ಕೆಲಸದ ತೂಕಕ್ಕೆ ತಕ್ಕ ಬೆಂಕಿ ಎಂಬ ವಿಂಗಡಣೆ ಅಕ್ಕಸಾಲೆಗೂ ಕುಲುಮೆಗೂ ನಡುವೆ ಆಗಲೇ ನಡೆದಿತ್ತು.

ಯುರೋಪಿನಲ್ಲಿ ಕೈಜ್ವಾಲೆ ಯಂತ್ರದ ರೂಪ ತಾಳಿದ್ದು 19ನೇ ಶತಮಾನದಲ್ಲಿ. ಸ್ವೀಡನ್ನಿನ ಕಾರ್ಲ್ ರಿಚರ್ಡ್ ನ್ಯೂಬರ್ಗ್ 1882ರಲ್ಲಿ ಬ್ಲೋ ಲ್ಯಾಂಪ್ ತಯಾರಿಕೆ ಆರಂಭಿಸಿದರು. ಅದೇ ನಾಡಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ಪ್ರೈಮಸ್ ಒಲೆ ತಂದರು. ಇಂಧನವನ್ನು ಪಂಪು ಹೊಡೆದು ಒತ್ತಿ, ಬಿಸಿ ಕೊಳವೆಯಲ್ಲಿ ಆವಿಯಾಗಿಸಿ, ಸಣ್ಣ ರಂಧ್ರದಿಂದ ಚಿಮ್ಮಿಸುವ ಉಪಾಯ ಎರಡರಲ್ಲೂ ಒಂದೇ. ನಮ್ಮ ಮನೆಗಳ ಪಂಪ್ ಸ್ಟವ್ ಕೂಡ ಅದೇ ವಂಶದ್ದು.

ಈ ಬ್ಲೋ ಲ್ಯಾಂಪಿಗೆ ದೂರವಾಣಿಯ ಕೆಲಸದಲ್ಲಿ ದೊಡ್ಡ ಸ್ಥಾನವಿತ್ತು. ಬೆಂಗಳೂರಿನಿಂದ ವೈಟ್‌ಫೀಲ್ಡಿನ ಕಡೆಗೆ ಹೋಗುವ ಹಳೇ ಮದರಾಸು ರಸ್ತೆಯ ದೂರವಾಣಿನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಗಿ ದೇಶಕ್ಕೆ ಟೆಲಿಫೋನ್ ಸಾಮಗ್ರಿ ಒದಗಿಸತೊಡಗಿತು. ನೆಲದಡಿಯ ಕೇಬಲ್ಲಿಗೆ ಆಗ ಸೀಸದ ಹೊದಿಕೆ ಇರುತ್ತಿತ್ತು. ಜೋಡಣೆಯಾದಲ್ಲೆಲ್ಲ ಆ ಹೊದಿಕೆಯನ್ನು ಬೆಸೆದು ಮುಚ್ಚಬೇಕು. ಸೀಸ ಕರಗುವುದು 327 ಡಿಗ್ರಿಯಲ್ಲಿ, ಸೀಸ-ತವರದ ಬೆಸುಗೆ ಮೆತ್ತಗಾಗತೊಡಗುವುದು 183ರಲ್ಲಿ. ಈ ನಡುವಿನ ಕಿರಿದಾದ ಅಂತರದಲ್ಲಿ ಜ್ವಾಲೆಯನ್ನು ಆಡಿಸುತ್ತ, ಬೆಸುಗೆ ಮುದ್ದೆಯಂತಿರುವಾಗಲೇ ಬಟ್ಟೆಯಿಂದ ಸವರಿ ಕೂರಿಸಬೇಕಿತ್ತು. ಒಂದು ಕ್ಷಣ ಹೆಚ್ಚಾದರೆ ಹೊದಿಕೆಯೇ ಕರಗಿ ಹೋಗುತ್ತಿತ್ತು. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಬಂದ ಮೇಲೆ ಆ ಕೈಚಳಕಕ್ಕೆ ಕೆಲಸವಿಲ್ಲದಾಯಿತು.

ಡಿಎ ಸಿಲಿಂಡರು ಮತ್ತು ಪೀಣ್ಯ

ಕಬ್ಬಿಣವನ್ನೇ ಕರಗಿಸುವ ಕೈಜ್ವಾಲೆಗೆ ಅಸಿಟಿಲೀನ್ ಬೇಕಾಯಿತು. 1836ರಲ್ಲಿ ಎಡ್ಮಂಡ್ ಡೇವಿ ಈ ಅನಿಲವನ್ನು ಗುರುತಿಸಿದರು. 1892ರಲ್ಲಿ ಅಮೆರಿಕದಲ್ಲಿ ಥಾಮಸ್ ವಿಲ್ಸನ್ ವಿದ್ಯುತ್ ಕುಲುಮೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ತಯಾರಿಸಿದ ಮೇಲೆ ಕಾರ್ಬೈಡಿಗೆ ನೀರು ಹಾಕಿದರೆ ಸಾಕು, ಅನಿಲ ಸಿಗುವಂತಾಯಿತು. 1895ರಲ್ಲಿ ಫ್ರೆಂಚ್ ರಸಾಯನ ವಿಜ್ಞಾನಿ ಲ ಶಾತೆಲಿಯೆ, ಆಕ್ಸಿಜನ್ ಜೊತೆ ಉರಿಯುವ ಅಸಿಟಿಲೀನಿನ ಜ್ವಾಲೆ ಅಲ್ಲಿಯವರೆಗಿನ ಎಲ್ಲ ಅನಿಲ ಜ್ವಾಲೆಗಳಿಗಿಂತ ಬಿಸಿ ಎಂದು ತೋರಿಸಿದರು. ಅದರ ಉಷ್ಣತೆ 3,100 ಡಿಗ್ರಿಗೂ ಹೆಚ್ಚು. 20ನೇ ಶತಮಾನ ಕಾಲಿಟ್ಟ ಮೊದಲ ವರ್ಷಗಳಲ್ಲೇ ಫೂಶೆ ಮತ್ತು ಪಿಕಾರ್ ಅದಕ್ಕೆ ತಕ್ಕ ಟಾರ್ಚ್ ರೂಪಿಸಿದರು. ಅದೇ ಹೊತ್ತಿಗೆ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಗಾಳಿಯನ್ನು ದ್ರವವಾಗಿಸಿ ಆಕ್ಸಿಜನ್ ಬೇರ್ಪಡಿಸುವ ದಾರಿ ತೆರೆದಿದ್ದರು.

ಅಸಿಟಿಲೀನ್ ಮುಂಗೋಪಿ. ಒತ್ತಡ ಹೆಚ್ಚಾದರೆ ಆಕ್ಸಿಜನ್ ಇಲ್ಲದೆಯೂ ಸಿಡಿಯುತ್ತದೆ. ಸಿಲಿಂಡರಿನೊಳಗೆ ಸರಂಧ್ರ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಉಣಿಸಿ, ಆ ಅಸಿಟೋನಿನಲ್ಲಿ ಅನಿಲವನ್ನು ಕರಗಿಸಿಡುವ ವಿಧಾನವನ್ನು ಬಳಕೆಗೆ ಹೊಂದಿಸಿದವರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಾಲೆನ್ ಪ್ರಮುಖರು. 1912ರಲ್ಲಿ ಅಸಿಟಿಲೀನ್ ಸ್ಫೋಟವೊಂದರಲ್ಲಿ ಅವರ ಎರಡೂ ಕಣ್ಣು ಹೋದವು. ಅದೇ ವರ್ಷ, ದೀಪಸ್ತಂಭಗಳ ಅನಿಲ ದೀಪವನ್ನು ತಾನಾಗಿಯೇ ನಿಯಂತ್ರಿಸುವ ಸಾಧನಕ್ಕಾಗಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ನಮ್ಮ ವರ್ಕ್‌ಶಾಪುಗಳಲ್ಲಿ ಎಲ್ಲರೂ ಡಿಎ (ಡಿಸಾಲ್ವ್ಡ್ ಅಸಿಟಿಲೀನ್, ಅಂದರೆ ಕರಗಿಸಿದ ಅಸಿಟಿಲೀನ್) ಸಿಲಿಂಡರ್ ಎನ್ನುವ ಕೆಂಗಂದು ಬಣ್ಣದ ಸಿಲಿಂಡರಿನ ಒಳಗಿರುವುದು ಆ ವಿಧಾನವೇ.

ಭಾರತದಲ್ಲಿ 1935ರಲ್ಲಿ ಇಂಡಿಯನ್ ಆಕ್ಸಿಜನ್ ಅಂಡ್ ಅಸಿಟಿಲೀನ್ ಕಂಪನಿ ಆರಂಭವಾಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬೆಂಗಳೂರಿಗೆ ಬಂತು. ಸ್ವಾತಂತ್ರ್ಯಾನಂತರ 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ನೆಲೆಯೂರಿದವು. 1961ರಲ್ಲಿ ತುಮಕೂರು ರಸ್ತೆಯ ಕಡೆ ಭಾರತ್ ಫ್ರಿಟ್ಜ್ ವರ್ನರ್, 1964ರಲ್ಲಿ ವಿಡಿಯಾ ಇಂಡಿಯಾ ಬಂದವು. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡಲು ಸಣ್ಣ ಶೆಡ್ಡುಗಳು ಬೇಕಾದವು. 1966ರ ಕಾಯ್ದೆಯಡಿ ಹುಟ್ಟಿದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ (ಕೆಐಎಡಿಬಿ) ಮತ್ತು ಸಣ್ಣ ಕೈಗಾರಿಕೆಗಳ ನಿಗಮಗಳು ಜಾಗ ಒದಗಿಸಿದವು. 1970ರ ದಶಕದ ಕೊನೆಯ ಹೊತ್ತಿಗೆ ಪೀಣ್ಯ ಎಂಬ ಹಳ್ಳಿ ಕೈಗಾರಿಕಾ ಪ್ರದೇಶವಾಗಿ ಬೆಳೆಯತೊಡಗಿತು. 1978ರಲ್ಲಿ ಪೀಣ್ಯ ಕೈಗಾರಿಕೆಗಳ ಸಂಘ ಹುಟ್ಟಿತು. ಎಚ್‌ಎಂಟಿಯಂಥ ಕಾರ್ಖಾನೆಗಳಲ್ಲಿ ಕೆಲಸ ಕಲಿತ ಅನೇಕರು ಅಲ್ಲಿ ಸ್ವಂತ ಶೆಡ್ಡು ಹಾಕಿದರು. ಲೇತು, ಮಿಲ್ಲಿಂಗ್ ಮೆಷಿನ್ನುಗಳ ಜೊತೆ ಡಿಎ ಮತ್ತು ಆಕ್ಸಿಜನ್ ಸಿಲಿಂಡರುಗಳ ಜೋಡಿಯೂ ಶೆಡ್ಡಿನ ಮೂಲೆ ಸೇರಿತು.

ಪೀಣ್ಯದ ಟಾರ್ಚ್ ಎಷ್ಟು ನಯವಾದ ಕೆಲಸ ಮಾಡಬಲ್ಲದು ಎಂಬುದಕ್ಕೆ ವಿಡಿಯಾ ಟಿಪ್ ಕೂರಿಸುವುದನ್ನು ನೋಡಬೇಕು. ಲೇತಿನ ಟೂಲಿನ ಉಕ್ಕಿನ ಹಿಡಿಗೆ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ತುಂಡನ್ನು ಬೆಳ್ಳಿ ಬೆಸುಗೆಯಿಂದ ಅಂಟಿಸುವ ಕೆಲಸ ಅದು. ಹಿಡಿಯಲ್ಲಿ ಕೊರೆದ ಗೂಡನ್ನು ಚೊಕ್ಕ ಮಾಡಿ, ಫ್ಲಕ್ಸ್ ಹಚ್ಚಿ, ಬೆಸುಗೆಯ ತಗಡು ಇಟ್ಟು, ಮೇಲೆ ಟಿಪ್ ಕೂರಿಸುತ್ತಾರೆ. ಜ್ವಾಲೆಯನ್ನು ಟಿಪ್ಪಿಗೆ ನೇರ ಹಿಡಿಯುವುದಿಲ್ಲ. ಹಿಡಿಯನ್ನು ಕೆಳಗಿನಿಂದ ಕಾಯಿಸುತ್ತ ಬರುತ್ತಾರೆ. ಫ್ಲಕ್ಸ್ ಮೊದಲು ನೊರೆಯಾಗಿ ಉಬ್ಬುತ್ತದೆ, ಆಮೇಲೆ ನೀರಿನಂತೆ ತಿಳಿಯಾಗುತ್ತದೆ. ಹಿಡಿ ಕೆಂಪಾಗಿ ಬೆಸುಗೆ ಥಟ್ಟನೆ ಹೊಳೆದು ಅಂಚಿಗೆ ಹರಿದ ಗಳಿಗೆಯಲ್ಲಿ ಕಡ್ಡಿಯಿಂದ ಟಿಪ್ಪನ್ನು ಅತ್ತಿತ್ತ ಜರುಗಿಸಿ, ಒತ್ತಿ, ಜ್ವಾಲೆ ತೆಗೆಯುತ್ತಾರೆ. ನಂತರ ಅದನ್ನು ಸುಣ್ಣದ ಪುಡಿಯಲ್ಲೋ ಬೂದಿಯಲ್ಲೋ ಹೂತು ನಿಧಾನ ಆರಲು ಬಿಡುತ್ತಾರೆ. ಉಕ್ಕು ಕುಗ್ಗುವುದರಲ್ಲಿ ಅರ್ಧದಷ್ಟು ಮಾತ್ರ ಕಾರ್ಬೈಡ್ ಕುಗ್ಗುತ್ತದೆ. ಅವಸರದಲ್ಲಿ ನೀರಿಗೆ ಹಾಕಿದರೆ ಟಿಪ್ ಬಿರುಕು ಬಿಡುವುದು ಖಚಿತ.

ಅಡುಗೆಮನೆಯ ಅನಿಲ ಶೆಡ್ಡಿಗೆ

ಎಲ್‌ಪಿಜಿ ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 1955ರಲ್ಲಿ ಮುಂಬೈಯಲ್ಲಿ, ಬರ್ಮಾ ಷೆಲ್ ಕಂಪನಿಯ ಮೂಲಕ. 1965ರ ಅಕ್ಟೋಬರಿನಲ್ಲಿ ಕೋಲ್ಕತ್ತದಲ್ಲಿ ಇಂಡಿಯನ್ ಆಯಿಲ್ ತನ್ನ ಮೊದಲ ಇಂಡೇನ್ ಸಂಪರ್ಕ ಕೊಟ್ಟಿತು. ಆಮೇಲೆ ಅದು ವರ್ಕ್‌ಶಾಪುಗಳಿಗೂ ಹರಡಿತು, ಅದಕ್ಕೆ ಗಟ್ಟಿ ಕಾರಣವೂ ಇತ್ತು. ಆಕ್ಸಿಜನ್ ಜೊತೆ ಉರಿಯುವ ಎಲ್‌ಪಿಜಿಯ ಜ್ವಾಲೆ ಸುಮಾರು 2,800 ಡಿಗ್ರಿ, ಅಸಿಟಿಲೀನಿಗಿಂತ ಕಡಿಮೆ. ಉಕ್ಕಿನ ವೆಲ್ಡಿಂಗಿಗೆ ಅದು ಒಗ್ಗುವುದಿಲ್ಲ. ಆದರೆ ಅದರ ಹೊರಜ್ವಾಲೆಯಲ್ಲಿ ಶಾಖ ಹೇರಳ. ಅಗಲವಾದ ಜಾಗವನ್ನು ಕಾಯಿಸಿ ಬಗ್ಗಿಸುವ ಕೆಲಸಕ್ಕೆ ಬೇಕಾದದ್ದು ಅದೇ. ಅಸಿಟಿಲೀನಿನ ಅತಿ ಹೆಚ್ಚಿನ ಬಿಸಿ ಒಳಜ್ವಾಲೆಯ ಸೂಜಿಮೊನೆಯ ಬಳಿ ಒಟ್ಟಾಗಿರುತ್ತದೆ. ಅದನ್ನು ಪಟ್ಟಿಯ ಮೇಲೆ ನಿಲ್ಲಿಸಿದರೆ ಮೇಲ್ಮೈ ಕರಗತೊಡಗಿದರೂ ಒಳಗೆ ತಣ್ಣಗೇ ಇರುತ್ತದೆ.

ಅಸಿಟಿಲೀನಿಗೆ ಇನ್ನೂ ಒಂದು ಮಿತಿಯಿದೆ. ಒಂದು ಗಂಟೆಯಲ್ಲಿ ಸಿಲಿಂಡರಿನ ಏಳನೇ ಒಂದು ಭಾಗಕ್ಕಿಂತ ಹೆಚ್ಚು ಅನಿಲ ಎಳೆಯಬಾರದು ಎಂಬುದು ವೆಲ್ಡರುಗಳು ಕಲಿಯುವ ನಿಯಮ. ಮೀರಿದರೆ ಒಳಗಿನ ಅಸಿಟೋನೂ ಜೊತೆಗೆ ಬರುತ್ತದೆ. ಹೂವಿನಂಥ ದೊಡ್ಡ ಹೀಟಿಂಗ್ ನಾಜಲ್ಲನ್ನು ಒಂದೇ ಡಿಎ ಸಿಲಿಂಡರಿಗೆ ಜೋಡಿಸಿದರೆ ಆಗುವ ತಪ್ಪು ಇದೇ. ಎಲ್‌ಪಿಜಿಗೆ ಆ ತೊಡಕಿಲ್ಲ. ಪ್ರತಿಯಾಗಿ ಅದು ಆಕ್ಸಿಜನ್ನನ್ನು ಹೆಚ್ಚು ಬೇಡುತ್ತದೆ, ಒಂದು ಪಾಲು ಅನಿಲಕ್ಕೆ ಸುಮಾರು ನಾಲ್ಕು ಪಾಲು. ಅಸಿಟಿಲೀನಿಗೆ ಹೆಚ್ಚುಕಡಿಮೆ ಸಮಪಾಲು ಸಾಕು.

ಆಕ್ಸಿಜನ್ನಿನ ಈ ಹಂಗು ಎಷ್ಟು ದೊಡ್ಡದೆಂದು 2021 ತೋರಿಸಿತು. ಕೋವಿಡ್ ಎರಡನೇ ಅಲೆಯಲ್ಲಿ ಆಸ್ಪತ್ರೆಗಳಿಗೆ ಉಸಿರು ಬೇಕಾದಾಗ, ಏಪ್ರಿಲ್ 22ರಿಂದ ಒಂಬತ್ತು ವಿನಾಯಿತಿ ಪಡೆದ ಉದ್ಯಮಗಳನ್ನು ಬಿಟ್ಟು ಉಳಿದ ಕೈಗಾರಿಕೆಗಳಿಗೆ ಆಕ್ಸಿಜನ್ ಪೂರೈಕೆಯನ್ನು ಕೇಂದ್ರ ಸರ್ಕಾರ ನಿಲ್ಲಿಸಿತು. ಕಪ್ಪು ಸಿಲಿಂಡರನ್ನೇ ನಂಬಿದ ಕಟಿಂಗ್, ಹೀಟಿಂಗ್ ಕೆಲಸಗಳು ನಿಂತವು. ಜೀವ ಉಳಿಸಲು ಆ ನಿರ್ಧಾರ ಬೇಕೇ ಬೇಕಿತ್ತು.

ಇತ್ತ ನಗರದ ಪೂರ್ವ ಮತ್ತು ದಕ್ಷಿಣದ ಅಂಚು ಬೇರೆ ಬಗೆಯ ಟಾರ್ಚನ್ನು ಬೆಳೆಸಿತು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್, ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗಾ ಅವರ ಕನಸಿನಂತೆ, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡಿಗೆ 1990ರ ದಶಕದಲ್ಲಿ ಐಟಿ ಪಾರ್ಕ್ ಬಂತು. ಈ ಗಾಜಿನ ಕಟ್ಟಡಗಳ ಹವಾನಿಯಂತ್ರಣದ ಬೆನ್ನೆಲುಬು ತಾಮ್ರದ ಕೊಳವೆ. ಸೀಲಿಂಗಿನ ಮೇಲಿನ ಇಕ್ಕಟ್ಟಿನಲ್ಲಿ ಏಣಿ ಹತ್ತಿ ಬ್ರೇಜಿಂಗ್ ಮಾಡುವವರಿಗೆ ಸಿಲಿಂಡರ್ ಜೋಡಿ ಎಳೆದೊಯ್ಯುವುದು ಕಷ್ಟ. ಅಲ್ಲಿ ಕೈಟಾರ್ಚಿಗೆ ನೆಲೆ ಸಿಕ್ಕಿತು. ರಂಜಕ ಬೆರೆಸಿದ ತಾಮ್ರದ ಕಡ್ಡಿ 710 ಡಿಗ್ರಿಯಿಂದ ಕರಗತೊಡಗಿ 800ರ ಆಸುಪಾಸಿನಲ್ಲಿ ಚೆನ್ನಾಗಿ ಹರಿಯುತ್ತದೆ. ತಾಮ್ರ ಕರಗುವುದು 1,085ರಲ್ಲಿ. ತಾಮ್ರಕ್ಕೆ ತಾಮ್ರ ಸೇರಿಸುವಾಗ ಈ ಕಡ್ಡಿಗೆ ಫ್ಲಕ್ಸ್ ಬೇಡ, ಉಕ್ಕಿಗೆ ಮಾತ್ರ ಇದನ್ನು ಬಳಸಬಾರದು. ಕಲಿತ ಕೆಲಸಗಾರರು ಕೊಳವೆಯೊಳಗೆ ನೈಟ್ರೋಜನ್ ಹರಿಯಬಿಟ್ಟೇ ಜ್ವಾಲೆ ಹಿಡಿಯುತ್ತಾರೆ. ಇಲ್ಲದಿದ್ದರೆ ಒಳಗೋಡೆ ಸುಟ್ಟು ಕಪ್ಪು ಸಿಪ್ಪೆ ಏಳುತ್ತದೆ, ಅದು ಕಂಪ್ರೆಸರಿಗೆ ಕುತ್ತು.

ಯಾವ ಟಾರ್ಚ್, ಯಾವ ಕೆಲಸಕ್ಕೆ

ಈಗ ಎಸ್.ಪಿ. ರಸ್ತೆಯ ಆ ಸಣ್ಣ ಟಾರ್ಚಿನ ಲೆಕ್ಕ. ಅದು ಗಂಟೆಗೆ 150 ಗ್ರಾಂ ಅನಿಲ ಸುಡುತ್ತದೆ ಎಂದಿಟ್ಟುಕೊಂಡರೆ ಹೊಮ್ಮುವ ಶಾಖ ಸುಮಾರು 1.9 ಕಿಲೋವಾಟ್. ಬಯಲಿನಲ್ಲಿ ಹಿಡಿದ ಜ್ವಾಲೆಯಿಂದ ಐದರಲ್ಲಿ ಒಂದು ಪಾಲು ಲೋಹಕ್ಕೆ ಸೇರಿತೆಂದರೂ ಸಿಗುವುದು 400 ವಾಟಿನಷ್ಟು. 12 ಮಿಲಿಮೀಟರ್ ಸರಳಿನ ಹತ್ತು ಸೆಂಟಿಮೀಟರ್ ತುಂಡು 700 ಡಿಗ್ರಿಯಲ್ಲಿ ಸುಮಾರು 150 ವಾಟ್ ಶಾಖವನ್ನು ಬೆಳಕಾಗಿ, ಕಿರಣವಾಗಿ ಸುತ್ತಲೂ ಚೆಲ್ಲುತ್ತದೆ. 900 ಡಿಗ್ರಿಗೆ ಬಂದಾಗ ಈ ಸೋರಿಕೆ 320 ವಾಟ್ ದಾಟುತ್ತದೆ. ಸರಳಿನ ಎರಡು ತುದಿಗಳತ್ತ ಹರಿದುಹೋಗುವ ಶಾಖ ಬೇರೆ. ಆದಾಯಕ್ಕೆ ಖರ್ಚು ಸಮವಾಯಿತು, ಸರಳು ಮಂಕು ಕೆಂಪಿನಲ್ಲೇ ನಿಂತಿತು. 25 ಮಿಲಿಮೀಟರ್ ಸರಳಾದರೆ ತೂಕ ನಾಲ್ಕು ಪಟ್ಟಿಗೂ ಮೇಲು, ಸೋರಿಕೆ ಎರಡು ಪಟ್ಟು. ಅಲ್ಲಿ ಈ ಟಾರ್ಚ್ ಲೆಕ್ಕಕ್ಕೇ ಇಲ್ಲ. ಗಂಟೆಗೆ ಒಂದು ಕಿಲೋ ಅನಿಲ ಸುಡುವ ನಾಜಲ್ಲು 12 ಕಿಲೋವಾಟಿಗೂ ಹೆಚ್ಚು ಕೊಡುತ್ತದೆ. ಪೀಣ್ಯದ ಶೆಡ್ಡು ಗೆಲ್ಲುವುದು ಅಲ್ಲಿ.

ಆದ್ದರಿಂದ ಕೊಳ್ಳುವಾಗ ಡಿಗ್ರಿ ಕೇಳುವ ಮುಂಚೆ ಗಂಟೆಗೆ ಎಷ್ಟು ಗ್ರಾಂ ಅನಿಲ ಎಂದು ಕೇಳಬೇಕು. ಬಳೆ ದಪ್ಪದ ತಂತಿ, ತೆಳು ತಗಡು, ಸಣ್ಣ ತಾಮ್ರದ ಕೊಳವೆ, ತುಕ್ಕು ಹಿಡಿದ ಸಣ್ಣ ನಟ್ಟು ಇವಿಷ್ಟಕ್ಕೆ ಡಬ್ಬಿಯ ಟಾರ್ಚ್ ಸಾಕು. ಎಂಟು ಹತ್ತು ಮಿಲಿಮೀಟರ್ ಸರಳಿಗೆ ಎರಡು ಬೆಂಕಿ ಇಟ್ಟಿಗೆಗಳ ನಡುವೆ ಗೂಡು ಮಾಡಿಕೊಂಡರೆ ಅದೇ ಟಾರ್ಚ್ ಇನ್ನೂ ಸ್ವಲ್ಪ ದೂರ ನಡೆಯುತ್ತದೆ. ಕಮ್ಮಾರನ ಕೆಂಡದ ಗೂಡು ಮಾಡುತ್ತಿದ್ದ ಕೆಲಸವನ್ನೇ ಇಟ್ಟಿಗೆ ಮಾಡುತ್ತದೆ. ಅದಕ್ಕಿಂತ ದಪ್ಪಗಿನ ಸರಳು, ಪಟ್ಟಿಗಳಿಗೆ ಉದ್ದ ಪೈಪಿನ ಎಲ್‌ಪಿಜಿ ಟಾರ್ಚ್ ಅಥವಾ ಆಕ್ಸಿಜನ್ ಜೋಡಿಯೇ ಬೇಕು.

ಬ್ಯೂಟೇನ್, ಪ್ರೊಪೇನ್ ಎಂಬ ಭೇದಕ್ಕೆ ಬೆಂಗಳೂರಿನಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಗಾಳಿಯಲ್ಲಿ ಎರಡರ ಜ್ವಾಲೆಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಬಳಿ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ನಮ್ಮ ಊರಿನಲ್ಲಿ ಅಂಥ ಚಳಿ ಇಲ್ಲ. ಆದರೂ ಬಹಳ ಹೊತ್ತು ಉರಿಸಿದರೆ ಡಬ್ಬಿ ತಾನೇ ತಣ್ಣಗಾಗಿ ಜ್ವಾಲೆ ಕುಂದುತ್ತದೆ. ಆಗ ಡಬ್ಬಿಯನ್ನು ತಲೆಕೆಳಗು ಮಾಡಿದರೆ ದ್ರವವೇ ಹೊರಬಂದು ಭಗ್ಗನೆ ಉರಿಯುತ್ತದೆ.

ಲೋಹದ ಗುಣವೂ ಆಯ್ಕೆಯಲ್ಲಿ ಸೇರಬೇಕು. ಸಾದಾ ಉಕ್ಕನ್ನು ಕೆಂಪಾದ ಮೇಲೆಯೇ ಬಗ್ಗಿಸಬೇಕು. 200ರಿಂದ 350 ಡಿಗ್ರಿಯ ನೀಲಿ ಹಂತದಲ್ಲಿ ಅದು ಪೆಡಸು, ಆಗ ಬಡಿದರೆ ಬಿರಿಯಬಹುದು. ತಾಮ್ರ ಶಾಖವನ್ನು ಉಕ್ಕಿಗಿಂತ ಏಳೆಂಟು ಪಟ್ಟು ಬೇಗ ಸಾಗಿಸುತ್ತದೆ, ಹಾಗಾಗಿ ಅದಕ್ಕೆ ಇನ್ನೂ ದೊಡ್ಡ ಜ್ವಾಲೆ ಬೇಕು. ಅಲ್ಯೂಮಿನಿಯಂ ಬಣ್ಣ ಬದಲಿಸದೆಯೇ 660 ಡಿಗ್ರಿಯಲ್ಲಿ ಕುಸಿದುಬೀಳುತ್ತದೆ. ಅದರ ಮೇಲೆ ಸಾಬೂನಿನ ಗೆರೆ ಎಳೆದು, ಗೆರೆ ಕಂದು ಬಣ್ಣಕ್ಕೆ ತಿರುಗಿದಾಗ ಜ್ವಾಲೆ ತೆಗೆಯುವುದು ಹಳಬರ ಉಪಾಯ. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು 425ರಿಂದ 870 ಡಿಗ್ರಿಯ ನಡುವೆ ಹೆಚ್ಚು ಹೊತ್ತು ನಿಂತರೆ ಕ್ರೋಮಿಯಂ ಕಾರ್ಬೈಡಾಗಿ ಬೇರ್ಪಟ್ಟು, ಆ ಜಾಗ ಮುಂದೆ ತುಕ್ಕು ಹಿಡಿಯುತ್ತದೆ. ಜಿಐ ಪೈಪನ್ನು ಕಾಯಿಸಿದರೆ ಸತುವಿನ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಕಟ್ಟಡದ ಟಿಎಂಟಿ ಸರಳಿಗಂತೂ ಟಾರ್ಚ್ ತೋರಿಸಲೇಬಾರದು. ಅದರ ಬಲವಿರುವುದು ಕಾರ್ಖಾನೆಯಲ್ಲಿ ನೀರು ಹಾಯಿಸಿ ಗಡಸು ಮಾಡಿದ ಹೊರಪದರದಲ್ಲಿ. ಕೆಂಪಗೆ ಕಾಯಿಸಿದರೆ ಆ ಪದರ ಕೆಟ್ಟು, ಕಂಬ ತೊಲೆಗಳ ಲೆಕ್ಕಾಚಾರವೇ ಸುಳ್ಳಾಗುತ್ತದೆ. ವೈಟ್‌ಫೀಲ್ಡಾಗಲಿ, ಜಿಗಣಿಯಾಗಲಿ, ಕಟ್ಟಡದ ಕೆಲಸ ನಡೆಯುವಲ್ಲೆಲ್ಲ ಮೇಸ್ತ್ರಿಗಳು ಇದನ್ನು ತಿಳಿದಿರಬೇಕು.

ಸುರಕ್ಷತೆಯ ಮಾತು ಕೊನೆಯ ಸಾಲಿಗೆ ಸೇರುವಂಥದ್ದಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಮಾಳಿಗೆಯಲ್ಲಿ, ಚರಂಡಿಯಲ್ಲಿ, ಶೆಡ್ಡಿನ ಗುಂಡಿಯಲ್ಲಿ ಕೂತು ಕಿಡಿಗಾಗಿ ಕಾಯುತ್ತದೆ. ಇಂಧನ ಅನಿಲದ ಕಡೆಯ ನಟ್ಟುಗಳಿಗೆ ಎಡಮರೆ (ಎಡಕ್ಕೆ ತಿರುಗಿಸಿ ಬಿಗಿಯುವ ತಿರುಪು), ಆಕ್ಸಿಜನ್ನಿಗೆ ಬಲಮರೆ ಇರುವುದು ಅದಲುಬದಲಾಗದಿರಲಿ ಎಂದು. ಅದನ್ನು ಬಲವಂತದಿಂದ ಜೋಡಿಸಬಾರದು. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ತಾಗಿಸಬಾರದು. ಡಿಎ ಸಿಲಿಂಡರನ್ನು ಮಲಗಿಸಿ ಬಳಸಬಾರದು. ಜ್ವಾಲೆ ಪೈಪಿನೊಳಗೆ ಹಿಂದಕ್ಕೆ ಓಡದಂತೆ ತಡೆಯುವ ಫ್ಲ್ಯಾಶ್ ಬ್ಯಾಕ್ ಅರೆಸ್ಟರ್ ಇಲ್ಲದ ಜೋಡಣೆಯನ್ನು ಯಾವ ಶೆಡ್ಡೂ ಒಪ್ಪಬಾರದು. ಮನೆಯ 14.2 ಕಿಲೋ ಸಿಲಿಂಡರನ್ನು ವರ್ಕ್‌ಶಾಪಿಗೆ ತರುವುದು 2000ದ ಎಲ್‌ಪಿಜಿ ನಿಯಂತ್ರಣ ಆದೇಶದ ಪ್ರಕಾರ ಅಪರಾಧ. 19 ಕಿಲೋದ ವಾಣಿಜ್ಯ ಸಿಲಿಂಡರ್ ಇರುವುದೇ ಅದಕ್ಕಾಗಿ.

ಇಂದು ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್ಟೆಕ್ಸ್ ಮೇಳಕ್ಕೆ ಹೋದರೆ ಇಂಡಕ್ಷನ್ ಸುರುಳಿ, ಸಿಎನ್‌ಸಿ ಬೆಂಡಿಂಗ್ ಮೆಷಿನ್ನುಗಳ ಸಾಲೇ ಕಾಣುತ್ತದೆ. ಒಂದೇ ಬಗೆಯ ಸಾವಿರ ತುಂಡು ಬಗ್ಗಿಸಲು ಅವೇ ಸರಿ. ಒಂದೇ ಒಂದು ಗೇಟು, ಬಾಗಿದ ಒಂದು ಶಾಫ್ಟು, ಕಚ್ಚಿಕೊಂಡ ಒಂದು ಬೇರಿಂಗು ಬಂದಾಗ ಶೆಡ್ಡಿನವರು ಈಗಲೂ ಟಾರ್ಚನ್ನೇ ಎತ್ತಿಕೊಳ್ಳುತ್ತಾರೆ. ಆ ಕೆಲಸ ಬಲ್ಲ ಪೀಣ್ಯದ ಮೊದಲ ತಲೆಮಾರು ನಿವೃತ್ತಿಯ ವಯಸ್ಸು ದಾಟುತ್ತಿದೆ. ಯಾವ ದಪ್ಪಕ್ಕೆ ಯಾವ ನಾಜಲ್ಲು, ಯಾವ ಬಣ್ಣಕ್ಕೆ ಯಾವ ಪೆಟ್ಟು ಎಂಬ ಅವರ ತಿಳಿವಳಿಕೆ ಕನ್ನಡದಲ್ಲಿ ಬರಹಕ್ಕಿಳಿದದ್ದು ತೀರಾ ಕಡಿಮೆ. ಐಟಿಐಗಳು, ಪೀಣ್ಯದ ಸಂಘ, ಪಾಲಿಟೆಕ್ನಿಕ್‌ಗಳು ಕೈಜೋಡಿಸಿ ಆ ಹಿರಿಯರನ್ನು ಕೂರಿಸಿ, ಅವರ ಮಾತನ್ನು ದಾಖಲಿಸಿ, ಕನ್ನಡದ ಕೈಪಿಡಿಯೊಂದನ್ನು ಹೊರತರಬೇಕು. ಈ ಕೆಲಸ ಈ ದಶಕದಲ್ಲೇ ಆಗಬೇಕು.